ಹಂಡೆ ಹೋಗಿ ಬಾಯ್ಲರ್ ಬಂದ ಮನೆ

ಬಿಳಿಗೆರೆಯ ಚಿಕ್ಕಗೌರಮ್ಮನವರನ್ನು ತಕ್ಕಡಿಯ ಮುಂದೆ ನಿಲ್ಲಿಸಿ ದರ ಕಟ್ಟು ಅಂದಿದ್ದರೆ ನಾನು ಕಟ್ಟುತ್ತಿದ್ದದ್ದು ಹೀಗೆ. ತೂಕ ನಾಲ್ಕು ಮಣದ ಒಳಗೆ. ಬಣ್ಣ ಹದವಾಗಿ ಒಣಗಿದ ಕೊಬ್ಬರಿಯದು. ಮೇಲೆ ಸುಕ್ಕಿದೆ, ಬಿರುಕಿಲ್ಲ. ಮಾತು ಖಾರ, ಆದರೆ ಹಳಸಿ ಕೌಟು ಹಿಡಿದದ್ದಲ್ಲ. ಇದ್ದದ್ದು ಒಂದೇ ಊನ. ಬಾವಿಯಿಂದ ಹಿತ್ತಿಲ ಬಾಗಿಲಿಗೆ ನಡೆದು ಬಂದರೆ ಸಾಕು, ಎದೆಯೊಳಗಿಂದ ಸದ್ದು ಬರುತ್ತಿತ್ತು.

ಸದ್ದಿನ ವಿಚಾರ ನಮ್ಮ ಕಡೆಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ತೆಂಗಿನಕಾಯನ್ನು ಸುಲಿಯದೆ ಹಾಗೆಯೇ ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಇಡೀ ಉಂಡೆಯಾಗಿ ಒಣಗುತ್ತದೆ. ಅದನ್ನು ಗಿಟಕು ಅನ್ನುತ್ತೇವೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಕಟಕಟ ಅಂದರೆ ನಮ್ಮಂಥ ಮಂಡಿಯವರ ಮುಖ ಅರಳುತ್ತದೆ. ಚಿಕ್ಕಗೌರಮ್ಮನವರ ಎದೆಯ ಸದ್ದು ಕೇಳಿ ಮುಖ ಅರಳಿಸಿಕೊಂಡವರು ಯಾರೂ ಇರಲಿಲ್ಲ. ತಿಪಟೂರಿನ ಡಾಕ್ಟರಂತೂ ಕಿವಿಯಿಂದ ನಳಿಗೆ ತೆಗೆದು ತಮ್ಮ ತಲೆಯನ್ನೇ ಅಲ್ಲಾಡಿಸಿದರಂತೆ.

ಆಕೆಯ ಯಜಮಾನರು ನಂಜುಂಡಪ್ಪ. ತೋಟ ದೊಡ್ಡದಲ್ಲ. ಆದರೆ ಅವರ ಮನೆಯ ಉಂಡೆ ಕೊಬ್ಬರಿ ತಿಪಟೂರಿಗೆ ಬಂದಿತೆಂದರೆ ಮಂಡಿಯಲ್ಲಿ ಬೇರೆಯವರ ಚೀಲ ಮುಟ್ಟುತ್ತಿದ್ದ ಕೈಗಳು ಅಲ್ಲೇ ನಿಲ್ಲುತ್ತಿದ್ದವು. ಗುಂಡಗೆ, ಗಟ್ಟಿಯಾಗಿ, ಬೂಷ್ಟಿನ ಒಂದು ಚುಕ್ಕೆಯೂ ಇಲ್ಲದ ಮಾಲು. ಉತ್ತರದ ಕಡೆಯ ಖರೀದಿದಾರರು ಕಾಗದ ಬರೆಯುವಾಗ ನನ್ನ ಯೋಗಕ್ಷೇಮ ಕೇಳುವ ಮೊದಲು ಆ ಕೊಬ್ಬರಿಯ ಯೋಗಕ್ಷೇಮ ಕೇಳುತ್ತಿದ್ದರು. ನಂಜುಂಡಪ್ಪನವರಿಗೆ ಇದೆಲ್ಲ ಗೊತ್ತಿತ್ತು. ಸಂತೆಯ ದಿನ ಕರೀ ಕೋಟು ಹಾಕಿಕೊಂಡೇ ಗಾಡಿಯ ಮುಂದೆ ನಡೆದು ಬರುತ್ತಿದ್ದರು. ಬಿಸಿಲಿರಲಿ, ಸೆಕೆಯಿರಲಿ, ಕೋಟು ಮಾತ್ರ ಬಿಚ್ಚುತ್ತಿರಲಿಲ್ಲ.

"ಏನು ಮಂತ್ರ ಹಾಕ್ತೀರಿ ನಂಜುಂಡಪ್ಪೋರೆ?" ಎಂದು ನಾನು ಕೇಳಿದರೆ, "ಮಂತ್ರ ಅಲ್ಲ ಕಣ್ರೀ, ಮಣ್ಣು. ನಮ್ಮ ತೋಟದ ಮಣ್ಣೇ ಹಂಗೆ" ಅನ್ನುತ್ತಿದ್ದರು. ನಾನೂ ಆ ಮಣ್ಣನ್ನು ನಂಬಿದ್ದೆ. ಕಾಗದ ಬರೆಯುವಾಗ ಅದಕ್ಕೆ ಇನ್ನಷ್ಟು ಬಣ್ಣ ಕಟ್ಟಿ ಖರೀದಿದಾರರನ್ನೂ ನಂಬಿಸಿದ್ದೆ.

ಆ ಮನೆಗೆ ನಾನು ಮಾಲು ನೋಡಲು ಹೋದಾಗಲೆಲ್ಲ ಮೊದಲು ಸಿಗುತ್ತಿದ್ದದ್ದು ಬಿಸಿನೀರು. ಹಿತ್ತಿಲ ಕಡೆಯ ಬಚ್ಚಲಲ್ಲಿ ನೀರೊಲೆ, ಅದರ ಮೇಲೆ ಮಣ್ಣು ಮೆತ್ತಿ ಕೂರಿಸಿದ ತಾಮ್ರದ ಹಂಡೆ. ಚಿಕ್ಕಗೌರಮ್ಮನವರ ಶೆಟ್ಟಿಕೆರೆಯ ತವರಿನಿಂದ ಮದುವೆಯಲ್ಲಿ ಬಂದ ಹಂಡೆ ಅದು. ಕಂಠದ ಸುತ್ತ ಅವರ ತಾಯಿಯ ಹೆಸರನ್ನು ಚುಕ್ಕೆ ಹೊಡೆದು ಬರೆಸಿದ್ದರು. ಬೆಳಿಗ್ಗೆ ಸ್ನಾನಕ್ಕೆ ಹೊತ್ತಿಸಿದ ಒಲೆ ರಾತ್ರಿಯವರೆಗೂ ಆರುತ್ತಿರಲಿಲ್ಲ. ಮನೆಯಲ್ಲಿ ತೆಂಗಿನ ಮಟ್ಟೆಗೇನು ಬರವೇ? ಚಿಕ್ಕಗೌರಮ್ಮ ಒಂದೊಂದೇ ಮಟ್ಟೆ ನೂಕುತ್ತ, ಉರಿ ಏಳದ ಹಾಗೆ ನೀರು ಚಿಮುಕಿಸುತ್ತ, ಕೊಳವೆಯಲ್ಲಿ ಊದುತ್ತ ಅಲ್ಲೇ ಕೂತಿರುತ್ತಿದ್ದರು. ತೋಟದಿಂದ ಬಂದವರಿಗೆ ಕಾಲು ತೊಳೆಯಲು, ಕರು ಹಾಕಿದ ಹಸುವಿಗೆ, ನನ್ನಂಥ ವ್ಯಾಪಾರಿಗೆ, ಎಲ್ಲರಿಗೂ ಅದೇ ಹಂಡೆಯ ನೀರು. ಹೊಗೆ ಮಾತ್ರ ಹೊರಗೆ ಹೋಗಲು ದಾರಿಯಿಲ್ಲದೆ ಬಚ್ಚಲ ಸೂರಿನಿಂದ ನುಸುಳಿ, ಮನೆಯ ಹಿಂಭಾಗದುದ್ದಕ್ಕೂ ಹಾಸಿದ್ದ ಬಿದಿರಿನ ಅಟ್ಟದೊಳಗೆಲ್ಲ ಸುತ್ತಾಡಿ, ಹೆಂಚಿನ ಸಂದಿಯಲ್ಲಿ ಆಚೆ ಹೋಗುತ್ತಿತ್ತು.

"ಅಟ್ಟಕ್ಕೆ ಹತ್ತಬೇಕಾದ್ರೆ ಟವಲ್ ಮುಖಕ್ಕೆ ಕಟ್ಕಳಿ ಸಾವ್ಕಾರ್ರೇ. ಆಮೇಲೆ ಅತ್ಕಂಡು ಇಳಿದ್ರೆ, ರೇಟು ಜಾಸ್ತಿ ಕೊಟ್ಟು ಅತ್ತರು ಅಂತಾರೆ ಜನ," ಎಂದು ಚಿಕ್ಕಗೌರಮ್ಮ ನಗುತ್ತಿದ್ದರು. ನಕ್ಕರೆ ಕೆಮ್ಮು. ಕೆಮ್ಮು ನಿಂತ ಮೇಲೆ ಮತ್ತೆ ಕೊಳವೆ.

ಹಂಡೆಯ ತಳ ಸೋರತೊಡಗಿದ್ದೂ ಆಕೆಯ ಉಸಿರು ಕಟ್ಟತೊಡಗಿದ್ದೂ ಹೆಚ್ಚು ಕಡಿಮೆ ಒಂದೇ ಮಳೆಗಾಲದಲ್ಲಿ. ಎಪ್ಪತ್ತೊಂಬತ್ತೋ ಎಂಬತ್ತೋ ಇರಬೇಕು. ಹಂಡೆಗೆ ತೇಪೆ ಹಾಕಿಸಿದರು. ತೇಪೆಯ ಪಕ್ಕದಲ್ಲಿ ಸೋರಿತು. ಅದಕ್ಕೂ ಹಾಕಿಸಿದರು. ಕೊನೆಗೆ ತೇಪೆ ಹಾಕುವವನು, "ಇನ್ನು ನಾನು ಮೊಳೆ ಹೊಡೆದರೆ ಹಂಡೆ ಅನ್ನೋದು ಜರಡಿ ಆಯ್ತದೆ" ಎಂದು ಕೈ ಮುಗಿದ. ಡಾಕ್ಟರು ಕೈ ಮುಗಿಯಲಿಲ್ಲ, ಆದರೆ ಹೇಳಿದ್ದು ಹೆಚ್ಚು ಕಡಿಮೆ ಅದನ್ನೇ. ಮಾತ್ರೆ ಕೊಡುತ್ತೇನೆ, ಹೊಗೆ ಬಿಡಿಸದಿದ್ದರೆ ಮಾತ್ರೆ ದಂಡ. ಇನ್ನೊಂದೆರಡು ಮಳೆಗಾಲ ಆ ಒಲೆಯ ಮುಂದೆ ಕೂತರೆ ಆಕೆ ಉಳಿಯುವುದಿಲ್ಲ.

ನಂಜುಂಡಪ್ಪ ಸೀದಾ ನನ್ನ ಮಂಡಿಗೆ ಬಂದರು. ಸಂತೆಯ ದಿನವಲ್ಲದಿದ್ದರೂ ಕೋಟು ಹಾಕಿದ್ದರು. "ಹೊಗೆ ಆಚೆ ಹೋಗೋ ಥರದ ಬಾಯ್ಲರ್ ಬಂದೈತಂತಲ್ರೀ, ಕೊಡಿಸಿ," ಅಂದರು.

ಆಗ ನಮ್ಮ ಪೇಟೆಗೆ ತಾಮ್ರದ ಬಾಯ್ಲರುಗಳು ಬರತೊಡಗಿದ್ದವು. ಹೊಟ್ಟೆಯ ನಡುವೆ ಒಂದು ಕೊಳವೆ. ಅದರೊಳಗೆ ನಾಲ್ಕು ಚಿಪ್ಪು ಹಾಕಿ ಹೊತ್ತಿಸಿದರೆ ಸುತ್ತಲಿನ ನೀರು ಕಾಯುತ್ತದೆ. ಮೇಲಿನಿಂದ ತಗಡಿನ ಕೊಳವೆ ಜೋಡಿಸಿ ಗೋಡೆಯಾಚೆ ಬಿಟ್ಟರೆ ಮನೆಯೊಳಗೆ ಹೊಗೆಯೇ ಇಲ್ಲ. ಪಾತ್ರೆ ಅಂಗಡಿಯ ಏಕಾಂತಯ್ಯ ನನ್ನ ಹಳೆಯ ಪರಿಚಯ. ಆದ್ದರಿಂದ ಅವನ ಅಂಗಡಿಗೆ ಹೋಗುವಾಗ ನಾನು ಯಾವಾಗಲೂ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಹೋಗುತ್ತೇನೆ. ಚಿಕ್ಕಗೌರಮ್ಮನವರೂ ಬಂದಿದ್ದರು. ಗಾಡಿಯಲ್ಲಿ ಹಂಡೆಯೂ ಬಂದಿತ್ತು.

ಏಕಾಂತಯ್ಯ ಹಂಡೆಯನ್ನು ಬೆರಳಲ್ಲಿ ತಟ್ಟಿ ಮುಖ ಸಿಂಡರಿಸಿದ. "ತೇಪೆನೇ ಜಾಸ್ತಿ ಐತಲ್ಲಮ್ಮ. ಹಳೇ ತಾಮ್ರದ ರೇಟು ಹಾಕ್ತೀನಿ, ಮಸಿಗೆ ಒಂದು ಕೆ.ಜಿ. ವಜಾ."

"ಮಸಿ ಒಂದು ಕೆ.ಜಿ. ತೂಗ್ತದಾ?" ಅಂದರು ಚಿಕ್ಕಗೌರಮ್ಮ. "ಹಂಗಾದ್ರೆ ನನ್ನನ್ನೂ ತೂಗು. ನನ್ನೊಳಗೆ ಅದಕ್ಕಿಂತ ಜಾಸ್ತಿ ಐತೆ."

"ಅಲ್ಲ ಕಣಮ್ಮ, ಪದ್ಧತಿ ಅದು."

"ನಿನ್ನ ಬಾಯ್ಲರ್‌ಗೆ ಹೊಳಪು ಕೊಟ್ಟಿದೀಯಲ್ಲ, ಅದ್ರ ತೂಕ ಎಷ್ಟು ವಜಾ ಮಾಡ್ತೀಯಪ್ಪ?"

ಏಕಾಂತಯ್ಯ ನನ್ನ ಕಡೆ ನೋಡಿದ. ನಾನು ಬೀದಿಯ ಕಡೆ ನೋಡಿದೆ. ಮಸಿಯ ವಜಾ ಹೋಯಿತು. ಆದರೂ ಹಳೆಯ ತಾಮ್ರಕ್ಕೂ ಹೊಸ ತಾಮ್ರಕ್ಕೂ ನಡುವೆ ಇರುವ ಅಂತರ ಯಾರ ಬಾಯಿಗೂ ಬಗ್ಗುವುದಿಲ್ಲ. ಹಂಡೆ ಕೊಟ್ಟ ಮೇಲೂ ಕೈಯಿಂದ ಏಳುನೂರರ ಹತ್ತಿರ ಬಿತ್ತು. ತಗಡಿನ ಕೊಳವೆ ಬೇರೆ. ಗೋಡೆ ಕೊರೆಯುವ ಕೂಲಿ ಬೇರೆ. ಆ ಕಾಲಕ್ಕೆ ಅದು ಒಂದು ಒಳ್ಳೆ ಹಸುವಿನ ದುಡ್ಡು. ನಂಜುಂಡಪ್ಪ ಕೋಟಿನ ಒಳಜೇಬಿನಿಂದ ತೆಗೆದು ಎಣಿಸಿಕೊಟ್ಟರು. "ದುಬಾರಿ ಆಯ್ತು," ಎಂದು ಚಿಕ್ಕಗೌರಮ್ಮ ಗೊಣಗಿದಾಗ, "ನೀನು ಉಸಿರಾಡು, ಸಾಕು," ಅಂದರು. ಅಂಗಡಿಯಲ್ಲಿ, ನಾಲ್ಕು ಜನರ ಎದುರಿಗೆ, ನಂಜುಂಡಪ್ಪನಂಥ ಗಂಡಸು ಹೆಂಡತಿಗೆ ಹಾಗಂದದ್ದು ನನಗೆ ಇನ್ನೂ ನೆನಪಿದೆ. ಏಕಾಂತಯ್ಯನಿಗೂ ಏನನ್ನಿಸಿತೋ, ತಿರುಗಿಸುವ ನಲ್ಲಿಯೊಂದನ್ನು ಬಿಟ್ಟಿ ಕೊಟ್ಟ.

ಹೊರಡುವಾಗ ಆಕೆ ಹಂಡೆಯ ಕಂಠದ ಮೇಲಿದ್ದ ತಾಯಿಯ ಹೆಸರನ್ನು ಸೆರಗಿನಿಂದ ಒಂದು ಸಲ ಒರೆಸಿದರು. ಅಷ್ಟೆ. ಅಳಲಿಲ್ಲ.

ಬಾಯ್ಲರ್ ಬಂದದ್ದು ದೀಪಾವಳಿಗೆ ಮುಂಚೆ. ನಮ್ಮಲ್ಲಿ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಚಿಕ್ಕಗೌರಮ್ಮ ಬಾಯ್ಲರಿಗೂ ಎಲ್ಲ ಮರ್ಯಾದೆ ಮಾಡಿದರು. ಪಟ್ಟೆ ಬರೆದು ಕುಂಕುಮ ಇಟ್ಟಾಗ ಅದು ಹೊಟ್ಟೆ ಬಿಟ್ಟ ದಫೇದಾರನ ಹಾಗೆ ಕಾಣುತ್ತಿತ್ತಂತೆ. ಬಳ್ಳಿ ಸುತ್ತಲು ಕೊರಳು ಹುಡುಕಿದರೆ ಕೊರಳೇ ಇಲ್ಲ. ಇದ್ದದ್ದು ಹೊಗೆ ಕೊಳವೆ. ಅದಕ್ಕೇ ಸುತ್ತಿದರು. ಬೆಳಿಗ್ಗೆ ಎಣ್ಣೆ ಸ್ನಾನಕ್ಕೆ ಹೊತ್ತಿಸಿದಾಗ ಬಳ್ಳಿ ಸುಟ್ಟು ಮನೆಯೆಲ್ಲ ಹಾಗಲಕಾಯಿ ಹುರಿದ ವಾಸನೆ. ಇದನ್ನು ನನಗೆ ಹೇಳುವಾಗ ಆಕೆ ನಗುತ್ತಲೇ ಇದ್ದರು, ಕೆಮ್ಮು ಬರಲಿಲ್ಲ. ಅದನ್ನು ನಂಜುಂಡಪ್ಪನೂ ಗಮನಿಸಿದರು. ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ತಾವೇ ಆಕೆಯ ಶ್ವಾಸಕೋಶವನ್ನು ಮಂಡಿಯಿಂದ ಖರೀದಿ ಮಾಡಿ ತಂದವರ ಹಾಗೆ.

ಆ ಚಳಿಗಾಲ, ಆ ಬೇಸಿಗೆ ಆಕೆ ಚೆನ್ನಾಗಿದ್ದರು. ಬಸ್ಸು ಹತ್ತಿ ತುರುವೇಕೆರೆಯ ಮಗಳ ಮನೆಗೆ ಹೋಗಿಬಂದರು. ಬರುವ ದಾರಿಯಲ್ಲಿ ಮಂಡಿಗೆ ಬಂದು ನನ್ನ ತಕ್ಕಡಿಯ ಮೇಲೆ ಕೂತು, "ತೂಗಿ ಸಾವ್ಕಾರ್ರೇ, ಒಂದು ಸುತ್ತು ದಪ್ಪ ಆಗಿ ಬಂದಿದೀನಾ ನೋಡಿ," ಅಂದರು. ಬಂದಿದ್ದರು. ಎದೆಯ ಸದ್ದೂ ಇಳಿದಿತ್ತು.

ಮಳೆಗಾಲ ಬಂತು. ಹೋಯಿತು. ಅಟ್ಟದ ಕಾಯಿ ಇಳಿಸಿ ಸುಲಿಯಲು ಮಾಯಣ್ಣ ಬಂದ. ಆ ಮನೆಗೆ ಅವನೇ ಯಾವಾಗಲೂ ಸುಲಿಯುವವನು. ನಾನೂ ಹೋಗಿದ್ದೆ. ಮೊದಲ ಚಿಪ್ಪು ಒಡೆದಾಗ ಒಳಗೆ ಉಂಡೆಯ ಒಂದು ಕಡೆ ಹಸಿರು ಬೂಷ್ಟು. ಎರಡನೆಯದು ಚಿಪ್ಪಿಗೆ ಅಂಟಿಕೊಂಡು ಬಿಡಲೇ ಇಲ್ಲ. ಮೂರನೆಯದು ಪರವಾಗಿಲ್ಲ. ನಾಲ್ಕನೆಯದನ್ನು ಮಾಯಣ್ಣ ಮೂಸಿ ನೋಡಿ ಕೆಳಗಿಟ್ಟ. "ಕೌಟು," ಅಂದ. ಅವನು ಸುಲಿಯುತ್ತ ಹೋದ, ರಾಶಿಯಲ್ಲಿ ಒಳ್ಳೆಯದಕ್ಕಿಂತ ಕೆಟ್ಟದ್ದೇ ಬೆಳೆಯಿತು.

ನಂಜುಂಡಪ್ಪ ಮಣ್ಣನ್ನು ಬೈದರು. ಬೋರ್‌ವೆಲ್ ನೀರನ್ನು ಬೈದರು. ಇಲಿಗಳನ್ನು, ಮಾಯಣ್ಣನ ಕೈಯನ್ನು, ಹೊನ್ನವಳ್ಳಿಯ ಯಾರದೋ ಕಣ್ಣನ್ನು ಬೈದರು. ಆಮೇಲೆ ತಾವೇ ಏಣಿ ಹಾಕಿ ಅಟ್ಟ ಹತ್ತಿ, ತುಂಬ ಹೊತ್ತು ಅಲ್ಲೇ ಇದ್ದು ಇಳಿದರು. ಇಳಿದವರು ರೂಢಿಯ ಹಾಗೆ ಹೆಗಲ ಟವಲಿನ ತುದಿ ಹಿಡಿದು ಕಣ್ಣೊರೆಸಿಕೊಳ್ಳಲು ಹೋದರು. ಒರೆಸಲು ಏನೂ ಇರಲಿಲ್ಲ. ಕಣ್ಣು ಒಣಗಿತ್ತು. ಟವಲನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತರು. ನಾನು ಆ ಟವಲನ್ನೇ ನೋಡಿದೆ. ಚಿಕ್ಕಗೌರಮ್ಮ ಬಚ್ಚಲ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದರು. ಯಾರೂ ಹೇಳಬೇಕಾಗಿರಲಿಲ್ಲ. ಇಷ್ಟು ವರ್ಷ ಆ ಕೊಬ್ಬರಿಯನ್ನು ಮಳೆಗಾಲದ ತೇವದಿಂದ ಕಾಯುತ್ತಿದ್ದದ್ದು ಮಣ್ಣಲ್ಲ, ಆಕೆ ಕೂತು ಊದುತ್ತಿದ್ದ ಹೊಗೆ.

"ಹೋಗ್ಲಿ ಬುಡೇ," ಅಂದರು ನಂಜುಂಡಪ್ಪ. "ಹೋಳು ಮಾಡಿ ಎಣ್ಣೆಗೆ ಹಾಕಿದ್ರಾಯ್ತು. ಕೊಬ್ಬರಿ ಹೋದ್ರೆ ಹೋಯ್ತು."

ಹಾಗೇ ಮಾಡಿದರು. ಹೋಳು ಕೊಬ್ಬರಿಯ ದರ ಉಂಡೆಯ ದರದ ಹತ್ತಿರಕ್ಕೂ ಬರುವುದಿಲ್ಲ. ಬಾಯ್ಲರಿನ ಬೆಲೆ ಏಕಾಂತಯ್ಯನ ಅಂಗಡಿಯಲ್ಲೇ ಮುಗಿಯಿತು ಅಂದುಕೊಂಡಿದ್ದೆವು. ಅಲ್ಲಿ ಕೊಟ್ಟದ್ದು ಮುಂಗಡ ಮಾತ್ರ ಅಂತ ಈಗ ಗೊತ್ತಾಯಿತು.

ದಾರಿ ಹುಡುಕಲಿಲ್ಲ ಅಂತಲ್ಲ. ಬಾಯ್ಲರಿನ ಕೊಳವೆ ಕಿತ್ತು ಹೊಗೆಯನ್ನು ಅಟ್ಟಕ್ಕೆ ಬಿಟ್ಟು ನೋಡಿದರು. ನಾಲ್ಕು ಚಿಪ್ಪಿನ ಹೊಗೆ, ಅಷ್ಟು ದೊಡ್ಡ ಅಟ್ಟಕ್ಕೆ ಮಾಯಣ್ಣನ ಬೀಡಿಯೇ ವಾಸಿ. ಹೊಲದ ಕಡೆ ಬೇರೆ ಕೊಟ್ಟಿಗೆ ಕಟ್ಟಿ ಅಟ್ಟ ಹಾಕೋಣವೆಂದರೆ, ಆ ವರ್ಷದ ದುಡ್ಡಿಗೆ ಗೋಡೆ ಏಳುತ್ತಿತ್ತು, ಮರವೂ ಹೆಂಚೂ ಬರುತ್ತಿರಲಿಲ್ಲ. ಚಿಕ್ಕಗೌರಮ್ಮನವರನ್ನು ಮುಂದಿನ ಜಗುಲಿಯಲ್ಲಿ ಕೂರಿಸಿ, ಹಳೆಯ ನೀರೊಲೆಗೆ ನಂಜುಂಡಪ್ಪನೇ ಬೆಂಕಿ ಹಾಕಿದರು. ಹೊಗೆ ಗೋಡೆ ಬಾಗಿಲು ಅನ್ನದೆ ಜಗುಲಿಗೂ ಬಂತು. ಅದಕ್ಕಿಂತ ಹೆಚ್ಚಾಗಿ, ಅವರಿಗೆ ಆ ಕೆಲಸ ಬರುತ್ತಿರಲಿಲ್ಲ. ಮಟ್ಟೆ ತುಂಬಿ ತೋಟಕ್ಕೆ ಹೋದರು. ಅದು ಹೊಗೆಯಾಡುವ ಬದಲು ಧಗ್ಗನೆ ಹೊತ್ತಿ ಅಟ್ಟದ ಬಿದಿರಿನ ತುದಿಗೆ ಹತ್ತಿತು. ಮಾಯಣ್ಣ ಇದ್ದ, ನೀರೆರಚಿ ಆರಿಸಿದ. "ಗೌಡ್ರೇ, ಕೊಬ್ಬರಿ ಒಣಗಿಸ್ತೀರೋ ಮನೆ ಒಣಗಿಸ್ತೀರೋ?" ಅಂದ. ಅಲ್ಲಿಗೆ ಆ ಪ್ರಯತ್ನ ಮುಗಿಯಿತು. ಹಂಡೆಯನ್ನೇ ವಾಪಸ್ ಕೇಳಿದರೆ, ಏಕಾಂತಯ್ಯ ಅದನ್ನು ಕರಗಿಸಲು ಕಳಿಸಿ ಎಷ್ಟೋ ದಿನವಾಗಿತ್ತು.

ಮುಂದಿನ ವರ್ಷದ ಮಾಲೂ ಹಾಗೇ ಆಯಿತು. ಆ ಸಲ ಗಾಡಿಯ ಮುಂದೆ ನಂಜುಂಡಪ್ಪ ಬರಲಿಲ್ಲ. ಮಾಯಣ್ಣನ ಕೈಯಲ್ಲಿ ಚೀಲ ಕಳಿಸಿದರು. ಮಂಡಿಯಲ್ಲಿ ಯಾರೋ, "ಎಲ್ಲೋ ಮಾಯಣ್ಣ, ನಿಮ್ಮ ಕೋಟಿನ ಗೌಡ್ರು?" ಎಂದು ಕೇಳಿದ. ಮಾಯಣ್ಣ, "ಕೋಟು ಒಗಿಯಾಕೆ ಹಾಕವ್ರೆ ಕಣ್ಲಾ," ಅಂದ. ಎಲ್ಲರೂ ನಕ್ಕರು. ಮಾಯಣ್ಣ ನಗಲಿಲ್ಲ. ಊರಿಗೆ ಹೋಗಿ ಅದನ್ನು ಯಾರಿಗೂ ಹೇಳಿರಲಾರ ಅಂದುಕೊಂಡಿದ್ದೆ. ಚಿಕ್ಕಗೌರಮ್ಮನವರಿಗೇ ಹೇಳಿದ್ದ.

ಅದರ ನಂತರದ ಶ್ರಾವಣದಲ್ಲಿ ನಾನು ಬಿಳಿಗೆರೆಗೆ ಹೋದಾಗ ಹಿತ್ತಿಲಿನಿಂದಲೇ ಹಳೆಯ ವಾಸನೆ ಬಡಿಯಿತು. ಹೋಗಿ ನೋಡಿದೆ. ಹಂಡೆ ಕೂರುತ್ತಿದ್ದ ಒಲೆಯ ಗುಂಡಿಯ ಮೇಲೆ ಒಂದು ಒಡಕು ಬಾಣಲೆ ಬೋರಲು ಹಾಕಿ, ಅದರ ಸಂದಿಯಿಂದ ಹೊಗೆ ಏಳುವಂತೆ ಮಾಡಿ, ಚಿಕ್ಕಗೌರಮ್ಮ ಮಟ್ಟೆ ನೂಕುತ್ತ ಕೂತಿದ್ದರು. ಪಕ್ಕದಲ್ಲಿ ಬಾಯ್ಲರ್ ಥಳಥಳ ಹೊಳೆಯುತ್ತಿತ್ತು. ಅದರ ಹೊಗೆ ಶಿಸ್ತಾಗಿ ಗೋಡೆಯಾಚೆ ಹೋಗುತ್ತಿತ್ತು.

"ಏನಕ್ಕ, ನೀರಿಲ್ಲದ ಒಲೆಗೆ ಉರಿ ಹಾಕ್ತಾ ಕೂತಿದೀರಿ."

"ನೀರು ಅಲ್ಲಿ ಕಾಯ್ತಾ ಐತಲ್ಲ ಸಾವ್ಕಾರ್ರೇ. ಇದು ಕಾಯಿಗೆ."

"ಡಾಕ್ಟ್ರು ಏನಂದಿದ್ರು?"

"ಡಾಕ್ಟ್ರು ಕೊಬ್ಬರಿ ತಗತಾರಾ?" ಕೊಳವೆ ಎತ್ತಿಕೊಂಡರು. ಊದಲು ಆಗಲಿಲ್ಲ. ಕೆಳಗಿಟ್ಟು ಮೊರದಿಂದ ಬೀಸತೊಡಗಿದರು. "ಅವ್ರ ಕೋಟು ಎರಡು ವರ್ಷದಿಂದ ಮೊಳೆಗೆ ನೇತಾಡ್ತಾ ಐತೆ. ಬೆಳಗೆದ್ದು ಅದನ್ನ ನೋಡ್ಕಂಡು ನಾನು ಒಳ್ಳೇ ಉಸ್ರು ಎಳ್ಕಂಡ್ರೆ ಏನು ಬಂತು?"

"ನಂಜುಂಡಪ್ಪೋರು ಬಯ್ಯಲ್ವಾ?"

"ಬಯ್ತಾರೆ. ಬಯ್ದು ತೋಟಕ್ಕೆ ಹೋಗ್ತಾರೆ."

ಆಕೆಯ ಎದೆಯ ಸದ್ದು ನಾನು ನಿಂತಿದ್ದ ಬಾಗಿಲವರೆಗೂ ಕೇಳುತ್ತಿತ್ತು. ಕಾಲು ತೊಳೆಯಲು ಬಾಯ್ಲರಿನ ನಲ್ಲಿ ತಿರುಗಿಸಿ ತಂಬಿಗೆಗೆ ನೀರು ಬಿಟ್ಟುಕೊಟ್ಟರು. ಬಿಸಿಯಾಗಿ, ಹದವಾಗಿತ್ತು. ಬಾಯ್ಲರಿನ ಕೆಲಸದಲ್ಲಿ ಒಂದು ದಿನವೂ ಲೋಪವಿರಲಿಲ್ಲ.

ನಾನು ಮತ್ತೆ ಹೋದದ್ದು ಕಾರ್ತಿಕದಲ್ಲಿ. ಆ ಹೊತ್ತಿಗೆ ಬೈಗುಳ ನಿಂತಿತ್ತು. ಒಣ ಮಟ್ಟೆಯನ್ನು ಹಿತ್ತಿಲಿಗೆ ಹೊತ್ತು ತಂದು ಆಕೆಯ ಕೈಗೆಟುಕುವ ಹಾಗೆ ಜೋಡಿಸಿಡುತ್ತಿದ್ದವರು ನಂಜುಂಡಪ್ಪನೇ. ನನ್ನನ್ನು ಕಂಡು ತಲೆ ತಗ್ಗಿಸಿದರು. ನಾನು ಅಟ್ಟ ಹತ್ತಿದೆ. ಕಣ್ಣು ಉರಿಯಿತು. ಒಂದು ಕಾಯಿ ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಕಟಕಟ ಅಂದಿತು. ಇನ್ನೊಂದು. ಅದೂ ಅಂದಿತು. ಕೆಳಗೆ ಆಕೆ ಕೆಮ್ಮುತ್ತಿದ್ದರು. ಎಂದೂ ಇಲ್ಲದೆ ಆ ದಿನ ನನಗೆ ಮೂರನೆಯ ಕಾಯಿ ಅಲ್ಲಾಡಿಸಲು ಮನಸ್ಸಾಗಲಿಲ್ಲ.

ಚಿಕ್ಕಗೌರಮ್ಮ ಪುಷ್ಯದಲ್ಲಿ ತೀರಿಕೊಂಡರು. ಡಾಕ್ಟರ ಮಾತು ಸುಳ್ಳಾಗಲಿಲ್ಲ. ಬಾಯ್ಲರ್ ಆಕೆಗೆ ಕೊಟ್ಟಿದ್ದ ವರ್ಷಗಳನ್ನು ಅದೇ ಬಚ್ಚಲು ವಾಪಸ್ ತೆಗೆದುಕೊಂಡಿತು. ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಮನೆ ತುಂಬ ಜನ. ಕೊನೆಯ ಸ್ನಾನಕ್ಕೆ ನೀರು ಕಾಯಿಸಿದ್ದು ಬಾಯ್ಲರಿನಲ್ಲೇ. ಹೊಗೆ ಇಲ್ಲದೆ ಎಷ್ಟು ಬೇಗ ಕಾಯುತ್ತದೆ ಎಂದು ನೆಂಟರ ಕಡೆಯ ಒಬ್ಬ ಹೆಂಗಸು ಮೆಚ್ಚಿಕೊಂಡು, ಎಷ್ಟು ಬಿತ್ತು ಎಂದು ಮಗಳನ್ನು ಕೇಳುತ್ತಿದ್ದಳು. ಮಗಳು, "ಗೊತ್ತಿಲ್ಲ ಕಣಮ್ಮ," ಅಂದಳು.

ಮಾಲು ಬಂದದ್ದು ಅದಾದ ಮೇಲೆ. ಗಾಡಿಯ ಮುಂದೆ ನಂಜುಂಡಪ್ಪ ನಡೆದು ಬಂದರು, ಕರೀ ಕೋಟು ಹಾಕಿಕೊಂಡು. ಚೀಲ ಬಿಚ್ಚಿದಾಗ ಮಂಡಿ ಹಿಂದಿನ ಹಾಗೇ ನಿಂತಿತು. ಗುಂಡಗೆ, ಗಟ್ಟಿಯಾಗಿ, ಚುಕ್ಕೆಯಿಲ್ಲದ ಕೊಬ್ಬರಿ. ಆ ದಿನದ ಮೇಲಿನ ದರ ಅದಕ್ಕೇ ಬಿತ್ತು. ಹಿಂದೆ ಕೋಟಿನ ವಿಚಾರಕ್ಕೆ ನಕ್ಕವನೇ ಬಂದು, "ಬಂತು ಬಿಡಿ ಗೌಡ್ರೇ, ನಿಮ್ಮ ಮಣ್ಣಿನ ಗುಣ ಎಲ್ಲಿಗೆ ಹೋಗ್ತದೆ?" ಅಂದ.

ನಂಜುಂಡಪ್ಪ ಅವನ ಕಡೆ ನೋಡಲಿಲ್ಲ. ನನಗೆ ಹೇಳಿದರು: "ಇದೇ ಕಡೇದು ಕಣ್ರೀ. ಇನ್ನು ಹಸಿಕಾಯಿ ಮಾರ್ತೀನಿ."

ದುಡ್ಡು ತೆಗೆದುಕೊಂಡು ಕೋಟಿನ ಒಳಜೇಬಿಗೆ ಹಾಕಿದರು. ಏಕಾಂತಯ್ಯನ ಅಂಗಡಿಯ ಮುಂದೆಯೇ ಹೋಗಬೇಕು ಅವರ ದಾರಿ. ಅಲ್ಲಿ ಬಾಗಿಲಲ್ಲಿ ಹೊಸ ಬಾಯ್ಲರುಗಳನ್ನು ಸಾಲಾಗಿ ನಿಲ್ಲಿಸಿದ್ದ. ನಂಜುಂಡಪ್ಪ ರಸ್ತೆಯ ಆಚೆ ಬದಿಗೆ ದಾಟಿ ಹೋದರು.

ಮಾತಿನಂತೆ ಈಗ ಅವರು ಹಸಿಕಾಯಿಯನ್ನೇ ಮಾರುತ್ತಾರೆ. ಅಟ್ಟ ಖಾಲಿ. ಕೋಟು ನಾನು ಮತ್ತೆ ನೋಡಿಲ್ಲ. ಉತ್ತರದ ಖರೀದಿದಾರರು ಮಾತ್ರ ನನ್ನ ಮಂಡಿಯನ್ನು ಬಿಟ್ಟಿಲ್ಲ. ಆ ಮನೆಯ ಕೊಬ್ಬರಿ ತಿಂದ ರುಚಿಗೆ ನನ್ನ ಮಾತನ್ನು ನಂಬಿ, ಬೇರೆಯವರ ಮಾಲನ್ನೂ ನೋಡದೆ ಕೊಳ್ಳುತ್ತಾರೆ. ಬೇರೆ ಮಂಡಿಯವರಿಗಿಂತ ನನಗೆ ಒಂದು ಹಿಡಿ ಹೆಚ್ಚೇ ಸಿಗುತ್ತದೆ. ಪೇಟೆಯಲ್ಲಿ ಅದನ್ನು ನನ್ನ ವ್ಯಾಪಾರದ ಜಾಣತನ ಅನ್ನುತ್ತಾರೆ. ಜಾಣತನ ಎಷ್ಟಿತ್ತೆಂದು ನನಗೆ ಗೊತ್ತು. ನಾನು ಅವರಿಗೆ ಮಣ್ಣಿನ ಕಥೆ ಬರೆಯುತ್ತಿದ್ದಾಗ ಒಲೆಯ ಮುಂದೆ ಕೂತು ಊದುತ್ತಿದ್ದವರು ಬೇರೆ.

ನನ್ನ ಮಂಡಿಗೆ ಇರುವ ಒಳ್ಳೆಯ ಹೆಸರು ಬಿಳಿಗೆರೆಯ ಚಿಕ್ಕಗೌರಮ್ಮನವರದು. ಅದು ನನ್ನಿಂದ ಅವರಿಗೆ ಸಲ್ಲಬೇಕಾದ ಬಾಕಿ.